ಕಾಳಾ ಘೋಡಾದಲ್ಲಿ ಒಂದೂವರೆ ದಿನ

ಅಕ್ಕಲಕೋಟೆ ಸೀಮೆಯ ನಮ್ಮ ಜನರಿಗೆ ಮುಂಬಯಿ ರಾಜಧಾನಿ. ಆದರೆ ರಾಜಧಾನಿಯನ್ನು ನೋಡುವುದಕ್ಕೆಂದೇ ಅಲ್ಲಿಗೆ ಹೋದವರು ನಮ್ಮಲ್ಲಿ ವಿರಳ. ಮಂತ್ರಾಲಯದಲ್ಲಿ ನಿಂತುಹೋದ ಕಾಗದಪತ್ರವನ್ನು ಮುಂದೆ ಸರಿಸಲು ಹೋಗುತ್ತೇವೆ, ದೊಡ್ಡ ಆಸ್ಪತ್ರೆಯಲ್ಲಿ ಮಲಗಿದ ಬಂಧುವನ್ನು ಕಾಣಲು ಹೋಗುತ್ತೇವೆ, ಮಗನ ನೌಕರಿಯ ಸಲುವಾಗಿ ಹೋಗುತ್ತೇವೆ. ಕೆಲಸ ಮುಗಿದ ಸಂಜೆಯೇ ಸೊಲ್ಲಾಪುರದ ಗಾಡಿ ಹತ್ತುತ್ತೇವೆ. ನಾವೂ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಕಾಲದಲ್ಲಿ ಅನೇಕ ಸಲ ಹೀಗೆಯೇ ಹೋಗಿ ಬಂದವರು. ಬೀದಿಗಳಲ್ಲಿ ಸುಮ್ಮನೆ ನಡೆದಾಡುವುದಕ್ಕಾಗಿ ಮುಂಬಯಿಗೆ ಹೋದದ್ದು ಎಪ್ಪತ್ತು ದಾಟಿದ ಮೇಲೆ, ಕಳೆದ ಚಳಿಗಾಲದಲ್ಲಿ, ಮೊಮ್ಮಗಳ ಒತ್ತಾಯಕ್ಕೆ. ಠಾಣೆಯಲ್ಲಿ ಹುಟ್ಟಿ ಬೆಳೆದು ಈಗ ಪದವಿ ತರಗತಿಯಲ್ಲಿ ಓದುತ್ತಿರುವ ಅವಳು, “ಮುತ್ಯಾ, ಇಡೀ ಮುಂಬಯಿ ಬ್ಯಾಡ, ಒಂದ ಪ್ಯಾಟಿ ಸಾಕು, ಸಾವಕಾಶ ನೋಡೂಣು” ಎಂದಳು. ಅವಳು ಆರಿಸಿದ ಪೇಟೆ ಕಾಳಾ ಘೋಡಾ. ಮುಂಬಯಿಯ ಠೀವಿಯ ಬಡಾವಣೆಗಳಲ್ಲಿ ಅದಕ್ಕೆ ಮೊದಲ ಸಾಲಿನಲ್ಲಿಯೇ ಸ್ಥಾನ.

ಸೊಲ್ಲಾಪುರದಿಂದ ರಾತ್ರಿ ಹೊರಡುವ ರೈಲಿನ ಹೆಸರು ಸಿದ್ಧೇಶ್ವರ ಎಕ್ಸ್‌ಪ್ರೆಸ್. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಕನ್ನಡದಲ್ಲಿ ವಚನಗಳನ್ನು ರಚಿಸಿದ ಶಿವಯೋಗಿ ಸಿದ್ಧರಾಮೇಶ್ವರರ ಹೆಸರದು. ರೈಲು ಹತ್ತುವ ಸಾವಿರಾರು ಜನರಲ್ಲಿ ಅವರು ಕನ್ನಡದ ವಚನಕಾರರೆಂದು ಬಲ್ಲವರು ಎಷ್ಟು ಮಂದಿ ಎಂಬ ಪ್ರಶ್ನೆ ಬೇರೆ. ಹೆಸರಂತೂ ದಿನದಿನವೂ ಜನರ ಬಾಯಲ್ಲಿ ಇದೆ. ಅದು ಸಣ್ಣ ಮಾತಲ್ಲವೆಂಬುದು ಈ ಪ್ರವಾಸದಲ್ಲಿಯೇ ನಮಗೆ ಮನವರಿಕೆಯಾಯಿತು.

ಬೆಳಿಗ್ಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದು, ಮೊಮ್ಮಗಳನ್ನು ಕೂಡಿಕೊಂಡು, ನಾವು, ನಮ್ಮ ಮನೆಯವರು ಮತ್ತು ಅವಳು ಮೂವರೂ ದಕ್ಷಿಣಕ್ಕೆ ನಡೆದೆವು. ಒಂದು ಕಾಲಕ್ಕೆ ಅಲ್ಲಿ ಕೋಟೆಯ ಗೋಡೆಗಳಿದ್ದವು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಅವುಗಳನ್ನು ಕೆಡವಿಸಿದ ಮೇಲೆ ತೆರವಾದ ಜಾಗದಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು. ಗೋಡೆ ಹೋದರೂ ಆ ಭಾಗವನ್ನು ಜನ ಇಂದಿಗೂ ‘ಫೋರ್ಟ್’ ಎಂದೇ ಕರೆಯುತ್ತಾರೆ. ಫೋರ್ಟಿನ ದಕ್ಷಿಣದ ಅಂಚಿನಲ್ಲಿ, ಪಶ್ಚಿಮಕ್ಕೆ ಓವಲ್ ಮೈದಾನ, ಪೂರ್ವಕ್ಕೆ ನೌಕಾನೆಲೆಯ ಲಯನ್ ಗೇಟ್, ತೆಂಕಣಕ್ಕೆ ರೀಗಲ್ ವೃತ್ತ, ಇವುಗಳ ನಡುವೆ ಅರ್ಧಚಂದ್ರದಂತೆ ಹರಡಿಕೊಂಡಿರುವುದೇ ಕಾಳಾ ಘೋಡಾ. ಒಂದು ತುದಿಯಿಂದ ಇನ್ನೊಂದು ತುದಿಗೆ ನಮ್ಮಂಥ ಮುದುಕರೂ ಅರ್ಧ ತಾಸಿನಲ್ಲಿ ನಡೆಯಬಹುದು.

ಮರಾಠಿಯ ‘ಕಾಳಾ’ ಎಂಬುದಕ್ಕೆ ಕಪ್ಪು ಎಂದು ಅರ್ಥ. ಕಾಳರಾತ್ರಿ ಎನ್ನುವ ನಮಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಯುವರಾಜ, ಮುಂದೆ ಏಳನೆಯ ಎಡ್ವರ್ಡ್ ದೊರೆಯಾದಾತ, 1875-76ರಲ್ಲಿ ಹಿಂದೂಸ್ಥಾನಕ್ಕೆ ಬಂದ ನೆನಪಿಗಾಗಿ ಸಸೂನ್ ಮನೆತನದ ಆಲ್ಬರ್ಟ್ ಸಸೂನ್ ಎಂಬ ಯಹೂದಿ ವ್ಯಾಪಾರಸ್ಥರು ಕುದುರೆಯ ಮೇಲೆ ಕುಳಿತ ಯುವರಾಜನ ಕಂಚಿನ ಪ್ರತಿಮೆಯನ್ನು ಇಲ್ಲಿ ನಿಲ್ಲಿಸಿದರು. ಪ್ರತಿಮೆಯನ್ನು ಮಾಡಿಸಿದ್ದು ದೊರೆಗಾಗಿ. ಆದರೆ ಮುಂಬಯಿಯ ಕೂಲಿಕಾರರು, ಜಟಕಾದವರು, ಹಮಾಲರು ದೊರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಕುದುರೆ. ಹೀಗಾಗಿ ಚೌಕಕ್ಕೆ ‘ಕಾಳಾ ಘೋಡಾ’ ಎಂಬ ಹೆಸರು ಬಿದ್ದಿತು. 1965ರಲ್ಲಿ ಪ್ರತಿಮೆಯನ್ನು ಅಲ್ಲಿಂದ ತೆಗೆದರು. ಅದು ಈಗ ಭಾಯಖಳಾದ ಪ್ರಾಣಿಸಂಗ್ರಹಾಲಯದ ಉದ್ಯಾನದಲ್ಲಿದೆ. ಕುದುರೆಯಿಲ್ಲದ ಚೌಕವನ್ನು ಜನ ಅರ್ಧ ಶತಮಾನದ ತನಕ ಕಾಳಾ ಘೋಡಾ ಎಂದೇ ಕರೆದರು. ಕಡೆಗೆ 2017ರಲ್ಲಿ ಹೊಸದೊಂದು ಕಪ್ಪು ಕುದುರೆಯನ್ನು ಅಲ್ಲಿ ನಿಲ್ಲಿಸಲಾಯಿತು. ಈ ಕುದುರೆಯ ಮೇಲೆ ಸವಾರನಿಲ್ಲ.

ಮೊಮ್ಮಗಳು ಅದರ ಮುಂದೆ ನಿಂತು, “ಮುತ್ಯಾ, ಮ್ಯಾಲಿನ ರಾಜಾ ಎಲ್ಲಿ ಹೋದ?” ಎಂದು ನಗುತ್ತ ಕೇಳಿದಳು. “ರಾಜಾ ಇಳದ ಹೋದನವ್ವಾ, ಜನಾ ಇಟ್ಟ ಹೆಸರ ಉಳೀತು” ಎಂದೆವು. ಆ ಹೊತ್ತಿಗೆ ಅದು ಬರಿಯ ಉತ್ತರವಾಗಿತ್ತು. ಒಂದೂವರೆ ದಿನದ ತಿರುಗಾಟದಲ್ಲಿ ಆ ಮಾತು ಮತ್ತೆ ಮತ್ತೆ ನಮ್ಮ ಕಿವಿಯಲ್ಲಿ ಕೇಳಿಸತೊಡಗಿತು.

ಈ ಪೇಟೆಯ ಠೀವಿಯನ್ನು ವರ್ಣಿಸದಿದ್ದರೆ ಲೇಖನ ಅಪೂರ್ಣವಾದೀತು. ಒಳ ಓಣಿಗಳಲ್ಲಿ ಹಳೆಯ ಕಟ್ಟಡಗಳ ಕೆಳಗೆ ಗಾಜಿನ ಬಾಗಿಲಿನ ಅಂಗಡಿಗಳು. ಒಂದೊಂದು ಅಂಗಡಿಯಲ್ಲಿ ಹತ್ತೋ ಹನ್ನೆರಡೋ ಉಡುಪುಗಳನ್ನು ಮಾತ್ರ ತೂಗುಹಾಕಿರುತ್ತಾರೆ. ನಮ್ಮೂರ ಬಟ್ಟೆಯಂಗಡಿಯಲ್ಲಿ ಥಾನುಗಳ ರಾಶಿಯ ನಡುವೆ ಕುಳಿತು ಸೀರೆ ಆರಿಸುವ ನಮ್ಮ ಮನೆಯವರಿಗೆ ಅದು ಮುಚ್ಚಲಿರುವ ಅಂಗಡಿಯಂತೆ ಕಂಡಿತು. ಗೋಡೆಗಳ ಮೇಲೆ ಬಣ್ಣದ ಚಿತ್ರಗಳು, ಹಾದಿಯ ಬದಿಗೆ ತಮ್ಮ ಚಿತ್ರಗಳನ್ನು ಹರಡಿಕೊಂಡು ಕುಳಿತ ಯುವ ಕಲಾವಿದರು. ಓಣಿಯೊಂದರಲ್ಲಿ ತಿಳಿನೀಲಿ ಬಣ್ಣದ ಯಹೂದಿ ಪ್ರಾರ್ಥನಾಮಂದಿರ. ಕೆನೆಸೆತ್ ಎಲಿಯಾಹೂ ಎಂದು ಅದರ ಹೆಸರು, ಕಟ್ಟಿದ್ದು 1884ರಲ್ಲಿ. ಅಲ್ಲಿಗೆ ಸಮೀಪದಲ್ಲೇ ಬೀಡುಕಬ್ಬಿಣದ ಚೌಕಟ್ಟಿನ ಮೇಲೆ ನಿಂತ ಹಳೆಯ ವಾಟ್ಸನ್ ಹೋಟೆಲಿನ ಕಟ್ಟಡ. 1896ರ ಜುಲೈ 7ರಂದು ಲ್ಯೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ಹಿಂದೂಸ್ಥಾನದಲ್ಲಿ ಮೊಟ್ಟಮೊದಲು ತೋರಿಸಿದ್ದು ಅಲ್ಲಿಯೇ. ಇಂದು ಅದು ಪಾಳು ಬಿದ್ದು ನಿಂತಿದೆ. ಒಂದು ಕಾಲದ ಠೀವಿ ಇನ್ನೊಂದು ಕಾಲಕ್ಕೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ.

ದಣಿವಾರಿಸಿಕೊಳ್ಳಲು ಕಾಫಿಯ ಅಂಗಡಿಯೊಂದರಲ್ಲಿ ಕುಳಿತೆವು. ಒಂದು ಬಟ್ಟಲು ಕಾಫಿಗೆ ಮುನ್ನೂರು ರೂಪಾಯಿಗೂ ಮಿಗಿಲು. “ಈ ಒಂದ ಕಪ್ಪಿನ ರೊಕ್ಕದಾಗ ಮನ್ಯಾಗ ತಿಂಗಳ ಚಹಾಪುಡಿ ಬರ್ತದ” ಎಂದು ನಮ್ಮ ಮನೆಯವರು ಮೆಲ್ಲಗೆ ಹೇಳಿದರು. ಆದರೂ ಕೊನೆಯ ಹನಿಯವರೆಗೂ ಕುಡಿದರು. ಸುತ್ತಲಿನ ಮೇಜುಗಳಲ್ಲಿ ಕುಳಿತಿದ್ದ ತರುಣ ತರುಣಿಯರ ನಡುವೆ ನಮ್ಮ ಧೋತರ, ಟೊಪ್ಪಿಗೆ, ಇಳಕಲ್ ಸೀರೆಗಳನ್ನು ಕಂಡು ಯಾರೂ ಹುಬ್ಬೇರಿಸಲಿಲ್ಲವೆಂಬುದನ್ನು ಮೆಚ್ಚುಗೆಯಿಂದಲೇ ಹೇಳಬೇಕು. ಆದರೂ ಪರರ ಮನೆಯ ಪಡಸಾಲೆಯಲ್ಲಿ ಕುಳಿತಂಥ ಸಂಕೋಚ ಮನಸ್ಸಿನಲ್ಲಿತ್ತು. ಗಡಿಯ ಕನ್ನಡಿಗರಿಗೆ ಈ ಸಂಕೋಚ ಹೊಸದಲ್ಲ. ಬೆಂಗಳೂರಿಗೆ ಹೋದರೆ ಮಹಾರಾಷ್ಟ್ರದವರು, ಮುಂಬಯಿಗೆ ಬಂದರೆ ಕನ್ನಡದವರು. ಎರಡೂ ಕಡೆ ನಾವು ಅತಿಥಿಗಳು.

ಈ ಸಂಕೋಚವನ್ನು ಸಡಿಲಿಸಿದ್ದು ಆ ಪೇಟೆಯ ಕಲ್ಲುಗಳೇ. ಕಾಫಿಯಂಗಡಿಯಿಂದ ಎದ್ದು ಡೇವಿಡ್ ಸಸೂನ್ ಗ್ರಂಥಾಲಯದ ಮುಂದೆ ಹಾದುಹೋದೆವು. 1870ರಲ್ಲಿ ಹಳದಿ ಛಾಯೆಯ ಮಲಾಡ ಕಲ್ಲಿನಲ್ಲಿ ಕಟ್ಟಿದ ಮನೆಯದು. ಪಕ್ಕದಲ್ಲಿ ಎಲ್ಫಿನ್‌ಸ್ಟನ್ ಕಾಲೇಜು; ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರು ಪದವಿಗಾಗಿ ಓದಿದ ಕಾಲೇಜು. ಅದೇ ಕಟ್ಟಡದಲ್ಲಿ ಸರಕಾರದ ದಫ್ತರಖಾನೆ ಇದ್ದು, ಹಳೆಯ ಮುಂಬಯಿ ಪ್ರಾಂತದ ಕಾಗದಗಳನ್ನು ಕಾದಿಟ್ಟಿದ್ದಾರೆ. ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರಗಳೆಲ್ಲ ಆ ಪ್ರಾಂತಕ್ಕೆ ಸೇರಿದ್ದವು. ನಮ್ಮ ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳು 1948ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾದವು. 1956ರಲ್ಲಿ ಭಾಷಾವಾರು ಪ್ರಾಂತರಚನೆಯಾದಾಗ ವಿಜಾಪುರ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಹೋದವು, ನಾವು ಇತ್ತ ಉಳಿದೆವು. ಎಂದಮೇಲೆ ಕನ್ನಡಿಗರು ಮುಂಬಯಿಗೆ ಹೊರಗಿನಿಂದ ಬಂದವರೆಂಬ ಮಾತು ಅರ್ಧ ಸತ್ಯ. ಕನ್ನಡ ನಾಡಿನ ಒಂದು ದೊಡ್ಡ ಭಾಗವೇ ಒಂದು ಕಾಲಕ್ಕೆ ಮುಂಬಯಿಯಾಗಿದ್ದಿತು.

ಅಲ್ಲಿಂದ ಸ್ವಲ್ಪ ದೂರದಲ್ಲಿ ವಿಶ್ವವಿದ್ಯಾಲಯ ಮತ್ತು ಅದರ ರಾಜಾಬಾಯಿ ಗೋಪುರ. ಹತ್ತಿಯ ವ್ಯಾಪಾರಿ ಪ್ರೇಮಚಂದ ರಾಯಚಂದರು ತಮ್ಮ ತಾಯಿಯ ಹೆಸರಿನಲ್ಲಿ ಕೊಟ್ಟ ದೇಣಿಗೆಯಿಂದ 1878ರಲ್ಲಿ ಪೂರ್ಣಗೊಂಡ, 280 ಅಡಿ ಎತ್ತರದ ಗಡಿಯಾರದ ಗೋಪುರವದು. ಕಣ್ಣು ಕಾಣದ ತಾಯಿಗೆ ಗಂಟೆಯ ನಾದದಿಂದ ಊಟದ ಹೊತ್ತು ತಿಳಿಯಲೆಂದು ಮಗ ಕಟ್ಟಿಸಿದನೆಂದು ಜನ ಹೇಳುತ್ತಾರೆ. ನಮಗೆ ಆ ಗೋಪುರ ಇನ್ನೊಂದು ಕಾರಣಕ್ಕೆ ಪೂಜ್ಯ. 1857ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯದಿಂದಲೇ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ತನಕ, ಉತ್ತರ ಕರ್ನಾಟಕದ ಹಿರಿಯರು ಪದವಿ ಪಡೆದರು. ವರಕವಿ ಬೇಂದ್ರೆಯವರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದಾಗ ಆ ಕಾಲೇಜು ಈ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಮುಂದೆ 1944ರಿಂದ 1956ರವರೆಗೆ ಅವರು ನಮ್ಮ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದುದನ್ನು ಸಂಘದ ಹಿರಿಯರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ.

ಸಂಜೆಗೆ ಜಹಾಂಗೀರ್ ಕಲಾ ಗ್ಯಾಲರಿ. ಸರ್ ಕಾವಸಜಿ ಜಹಾಂಗೀರರು ತೀರಿಹೋದ ತಮ್ಮ ಮಗನ ನೆನಪಿಗಾಗಿ ನೀಡಿದ ದಾನದಿಂದ 1952ರಲ್ಲಿ ಅದು ತೆರೆಯಿತು. ಚಿತ್ರಗಾರರಿಗೆ ತಮ್ಮ ಕೃತಿಗಳನ್ನು ತೋರಿಸಲು ಒಂದು ನೆಲೆ ಬೇಕೆಂದು ಅವರಲ್ಲಿ ಒತ್ತಾಯ ಮಾಡಿದ ಇಬ್ಬರಲ್ಲಿ ಒಬ್ಬರು ವಿಜ್ಞಾನಿ ಹೋಮಿ ಭಾಭಾ. ಇನ್ನೊಬ್ಬರು ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು. ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ದೇಶದ ದೊಡ್ಡ ಕಲಾವಿದರಲ್ಲಿ ಒಬ್ಬರಾದ ಕನ್ನಡಿಗರು. ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು ಗೋಡೆಯ ಮೇಲಿನ ಚಿತ್ರಗಳನ್ನು ಬಿಟ್ಟು ನಮ್ಮ ಮುಖವನ್ನು ನೋಡಿದಳು. “ನಾ ಇಲ್ಲಿ ಗೆಳತ್ಯಾರ ಸಂಗಾಟ ಎಷ್ಟ ಸಲ ಬಂದೀನಿ, ಇದು ನನಗ ಯಾರೂ ಹೇಳಲಿಲ್ಲ” ಎಂದಳು.

ಮರುದಿನ ಬೆಳಿಗ್ಗೆ ವಸ್ತುಸಂಗ್ರಹಾಲಯಕ್ಕೆ ಹೋದೆವು. 1905ರಲ್ಲಿ ಅಡಿಗಲ್ಲು ಹಾಕಿ, 1922ರಲ್ಲಿ ಸಾರ್ವಜನಿಕರಿಗೆ ತೆರೆದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಇಂದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಕುರ್ಲಾದ ಕಪ್ಪುಬೂದು ಕಲ್ಲು, ಮಲಾಡದ ಹಳದಿ ಕಲ್ಲು ಸೇರಿಸಿ ಕಟ್ಟಿದ ಆ ಕಟ್ಟಡವನ್ನು ರೂಪಿಸಿದವನು, ಗೇಟ್‌ವೇ ಆಫ್ ಇಂಡಿಯಾವನ್ನೂ ರೂಪಿಸಿದ ಜಾರ್ಜ್ ವಿಟೆಟ್. ಅವನು ದೇಶದ ಹಳೆಯ ಕಟ್ಟಡಗಳಿಂದ ಪಾಠ ಕಲಿತವನು. ಒಳಗಿನ ಕಮಾನುಗಳ ಜೋಡಣೆಗೆ ಅವನು ಮಾದರಿಯಾಗಿ ಹಿಡಿದದ್ದು ನಮ್ಮ ವಿಜಾಪುರದ ಗೋಲಗುಮ್ಮಟವನ್ನು. ನಡುಮನೆಯಲ್ಲಿ ನಿಂತು ತಲೆಯೆತ್ತಿ ನೋಡಿದಾಗ, ಶಾಲೆಯ ಮಕ್ಕಳನ್ನು ಸಹಲಿಗೆ ಕರೆದೊಯ್ದು ಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗಿಸುತ್ತಿದ್ದ ದಿನಗಳು ಕಣ್ಣಿಗೆ ಕಟ್ಟಿದವು.

ಶಿಲ್ಪಗಳ ವಿಭಾಗದಲ್ಲಿ ನಮ್ಮ ಕಾಲುಗಳು ತಾವಾಗಿ ನಿಂತವು. ಐಹೊಳೆಯ ಗುಡಿಯ ಮಾಳಿಗೆಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಕಲ್ಲಿನ ಫಲಕಗಳು ಅಲ್ಲಿವೆ. ಬಾದಾಮಿಯ ಚಾಲುಕ್ಯರ ಕಾಲದ ಕೆಲಸ. ಋಷಿಗಳಿಂದ ಸುತ್ತುವರಿದ ಬ್ರಹ್ಮನ ಮುಖದಲ್ಲಿ ಎಂಥ ಶಾಂತಿ! ಗುಡಿಯಲ್ಲಿ ಇದ್ದಾಗ ಭಕ್ತರು ಕತ್ತು ಎತ್ತಿ ನೋಡಬೇಕಾಗಿದ್ದ ದೇವರು ಇಲ್ಲಿ ನಮ್ಮ ಕಣ್ಣಿನ ಸಮಕ್ಕೆ ಬಂದಿದ್ದಾನೆ. ಮೊಮ್ಮಗಳು ಇಂಗ್ಲಿಷ್ ಬರಹವನ್ನು ಓದಿ, “ಮುತ್ಯಾ, ಐಹೋಲ್ ಅಂದ್ರ ಎಲ್ಲಿ?” ಎಂದಳು. ಅದು ಐಹೊಳೆ, ನಮ್ಮೂರಿನಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ ಎಂದೆವು. ಅವಳು ಕೈಚೀಲದಿಂದ ವಹಿ ತೆಗೆದು, “ಕನ್ನಡದಾಗ ಹ್ಯಾಂಗ ಬರೀತಾರ, ಬರದ ಕೊಡ್ರಿ” ಎಂದಳು. ಬರೆದು ಕೊಟ್ಟೆವು. ಆ ಮೂರು ಅಕ್ಷರಗಳನ್ನು ಅವಳು ಚಿತ್ರವನ್ನು ನೋಡುವಂತೆ ನೋಡಿದಳು, ಓದಲಿಲ್ಲ. ಮನೆಯಲ್ಲಿ ಸೊಗಸಾಗಿ ಕನ್ನಡವಾಡುವ ಹುಡುಗಿಗೆ ಕನ್ನಡದ ಅಕ್ಷರಗಳು ಬರುವುದಿಲ್ಲ.

ನೂರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದವರ ಮೊಮ್ಮಗಳು ಇವಳೇ ಎಂದು ಯಾರಾದರೂ ಕೇಳಿಯಾರು. ಠಾಣೆಯಲ್ಲಿ ಅವಳ ಮನೆಯ ಹತ್ತಿರ ಕನ್ನಡ ಶಾಲೆ ಇರಲಿಲ್ಲ. ಇದು ಒಬ್ಬ ಮಗುವಿನ ಕಥೆಯೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಪುಣೆಯ ಬಾಲಭಾರತಿ ಇಂದಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿ ಕಳಿಸುತ್ತದೆ. ಆದರೂ ನಾವು ಸೇವೆಗೆ ಸೇರಿದ ವರ್ಷ ತುಂಬಿ ತುಳುಕುತ್ತಿದ್ದ ಒಂದನೆಯ ತರಗತಿಯ ಹಾಜರಿಪಟ್ಟಿ, ನಿವೃತ್ತರಾದ ವರ್ಷ ಅರ್ಧ ಪುಟಕ್ಕೆ ಇಳಿದಿತ್ತು. ಐಹೊಳೆಯ ಬ್ರಹ್ಮನನ್ನು ಗಾಳಿ ಮಳೆ ತಾಗದಂತೆ ಕಾಯುವವರು ಇದ್ದಾರೆ. ಆದರೆ ಆ ಬ್ರಹ್ಮನ ಮುಂದೆ ಈಗ ದೀಪ ಹಚ್ಚುವವರಿಲ್ಲ. ಕನ್ನಡವೂ ಹೀಗೆ ಜೋಪಾನವಾಗಿ ಇದ್ದು, ಬಳಸುವವರಿಲ್ಲದ ವಸ್ತುವಾಗಬೇಕೆ ಎಂಬ ಚಿಂತೆಯೊಂದಿಗೆ ಹೊರಗೆ ಬಂದೆವು.

ಮಧ್ಯಾಹ್ನದ ಊಟಕ್ಕೆ ಫೋರ್ಟಿನ ಓಣಿಯ ಒಂದು ಉಡುಪಿ ಹೋಟೆಲು. ಗಲ್ಲೆಯ ಮೇಲೆ ನಮ್ಮದೇ ವಯಸ್ಸಿನ ಯಜಮಾನರು ಕುಳಿತಿದ್ದರು. ನಮ್ಮ ಮಾತು ಕಿವಿಗೆ ಬಿದ್ದೊಡನೆ, “ನೀವು ಬಿಜಾಪುರ ಕಡೆಯವರಾ?” ಎಂದು ಎದ್ದು ಬಂದರು. ಗಡಿಯಾಚೆಯ ಅಕ್ಕಲಕೋಟೆ ಎಂದೆವು. ಶಾಲೆಯಲ್ಲಿ ಇದ್ದವರೆಂದು ತಿಳಿದ ಮೇಲಂತೂ “ಮಾಷ್ಟ್ರೇ, ಮಾಷ್ಟ್ರೇ” ಎಂದು ಬಡಿಸಿದ್ದೇ ಬಡಿಸಿದ್ದು. ಹದಿಮೂರನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದವರು ಅವರು. “ರಾತ್ರಿ ಶಾಲೆ ಒಂದು ಇಲ್ಲದಿದ್ದರೆ ನಾನು ಇವತ್ತೂ ಕಪ್ಪೇ ತೊಳೀತಿದ್ದೆ ಮಾಷ್ಟ್ರೇ. ಹಗಲು ಕೆಲಸ, ರಾತ್ರಿ ಓದು. ನಿದ್ದೆ ಬಂದರೆ ಮುಖಕ್ಕೆ ನೀರು ಹಾಕಿಕೊಂಡು ಕೂತುಕೊಳ್ಳುದು. ಕನ್ನಡದಲ್ಲೇ ಮೆಟ್ರಿಕ್ ಪಾಸಾದೆ” ಎಂದರು.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ವಿಷಯ ನಾವು ಓದಿ ಬಲ್ಲೆವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಕರಾವಳಿಯಿಂದ ಬಂದ ಹೋಟೆಲ್ ಹುಡುಗರಿಗಾಗಿ, ಕೂಲಿಕಾರರಿಗಾಗಿ ಇಂಥ ಶಾಲೆಗಳನ್ನು ನಡೆಸಿದವು. ಅಲ್ಲಿ ಓದಿದವರಲ್ಲಿ ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು, ಲೇಖಕರಾದವರು ಇದ್ದಾರೆ. ಆದರೆ ಹಾಗೆ ಓದಿದ ಒಬ್ಬರ ಕೈಯಿಂದ ಅನ್ನ ಬಡಿಸಿಕೊಂಡು ಉಂಡದ್ದು ಅಂದೇ ಮೊದಲು. ಮೊಮ್ಮಗಳು ಉಣ್ಣುವುದನ್ನು ಬಿಟ್ಟು ಕೇಳುತ್ತಿದ್ದಳು. ಅವಳು ಅವರನ್ನು ಒಂದೇ ಪ್ರಶ್ನೆ ಕೇಳಿದಳು: “ಕಾಕಾ, ಅಷ್ಟ ಕಷ್ಟಾಪಟ್ಟ ಕನ್ನಡಾನ ಯಾಕ ಕಲತ್ರಿ?” ಅವರು ಯೋಚಿಸಲೂ ಇಲ್ಲ. “ಅಮ್ಮನಿಗೆ ಕಾಗದ ಬರೀಬೇಕಿತ್ತಲ್ಲ ಮಗಾ” ಎಂದರು.

ದೊಡ್ಡ ದೊಡ್ಡ ಸಭೆಗಳಲ್ಲಿ ಭಾಷೆಯ ಉಳಿವಿನ ಬಗ್ಗೆ ನಾವು ಕೇಳಿದ ಯಾವ ಭಾಷಣಕ್ಕಿಂತಲೂ ಈ ಒಂದು ಮಾತು ಹೆಚ್ಚಿನದು. ಆ ಹುಡುಗರ ಮುಂದೆ ಸರಕಾರದ ಆಜ್ಞೆ ಇರಲಿಲ್ಲ, ಗೋಡೆಯ ಮೇಲೆ ಘೋಷಣೆ ಇರಲಿಲ್ಲ. ಊರಲ್ಲಿ ಕಾಗದದ ದಾರಿ ಕಾಯುವ ತಾಯಿ ಇದ್ದಳು. ಬಳಕೆ ಇದ್ದುದರಿಂದ ಅಕ್ಷರ ಉಳಿಯಿತು. ಕಾಳಾ ಘೋಡಾದ ಹೆಸರು ಉಳಿದದ್ದೂ ಹೀಗೆಯೇ. ದೊರೆಯ ಹೆಸರನ್ನು ಶಾಸನ ಮಾಡಿ ನಿಲ್ಲಿಸಿದ್ದರು, ಅದು ಹೋಯಿತು. ಜಟಕಾದವನು ದಿನವೂ ಬಳಸಿದ ಹೆಸರು ಕುದುರೆ ಇಲ್ಲದ ಐವತ್ತು ವರ್ಷಗಳನ್ನೂ ದಾಟಿ ಬಂದಿತು. ಗಡಿನಾಡಿನಲ್ಲಿ ಫಲಕಗಳ ಭಾಷೆ ಬದಲಾಗಬಹುದು, ತಾಲೂಕಿನ ಮೇಲಿನ ರಾಜ್ಯದ ಹೆಸರು ಬದಲಾಗಿದ್ದನ್ನೂ ನಾವು ಕಂಡಿದ್ದೇವೆ. ಇವುಗಳಿಗಾಗಿ ಹೋರಾಡಿದವರನ್ನು ನಾವು ಗೌರವಿಸುತ್ತೇವೆ. ಆದರೆ ಮನೆಯೊಳಗೆ ಕನ್ನಡದ ಬಳಕೆ ನಿಂತರೆ ಹೊರಗಿನ ಗೆಲುವು ನಮ್ಮನ್ನು ಕಾಯಲಾರದು. ಮರಾಠಿ ನಮಗೆ ಅನ್ನ ಕೊಟ್ಟ ಭಾಷೆ, ನೆರೆಮನೆಯ ಭಾಷೆ. ಅದನ್ನು ಚೆನ್ನಾಗಿ ಕಲಿಯಬೇಕು. ಇಂಗ್ಲಿಷನ್ನೂ ಮಕ್ಕಳು ಕಲಿಯಲಿ. ಅವುಗಳ ಜೊತೆಗೆ ಕನ್ನಡಕ್ಕೆ ದಿನಕ್ಕೆ ಅರ್ಧ ತಾಸು ಕೊಡುವುದು ಯಾವ ಮನೆಗೂ ಹೊರೆಯಲ್ಲ.

ಊರಿಗೆ ಮರಳಿದ ಮೇಲೆ ದಿನಕ್ಕೊಂದು ಕನ್ನಡ ಶಬ್ದವನ್ನು ದಪ್ಪ ಅಕ್ಷರಗಳಲ್ಲಿ ಹಾಳೆಯ ಮೇಲೆ ಬರೆದು, ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಮೊಮ್ಮಗಳಿಗೆ ಕಳಿಸುತ್ತಿದ್ದೇವೆ. ಅವಳು ತನ್ನ ವಹಿಯಲ್ಲಿ ತಿದ್ದಿ ಅದರ ಚಿತ್ರವನ್ನು ಮರಳಿ ಕಳಿಸುತ್ತಾಳೆ. ಮೊದಲನೆಯ ಶಬ್ದ ಐಹೊಳೆ. ಒತ್ತಕ್ಷರಗಳು ಇನ್ನೂ ತೊಡಕೇ. ಪರೀಕ್ಷೆ ಬಂದಾಗ ನಾಲ್ಕಾರು ದಿನ ತಪ್ಪುತ್ತದೆ, ಮತ್ತೆ ಮುಂದುವರಿಯುತ್ತದೆ. ವಿದ್ಯೆ ಬರುವುದು ಯಾವಾಗಲೂ ಹೀಗೆಯೇ.

ಸಂಘದ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮುಂಬಯಿಗೆ ಹೋದಾಗ ಕೆಲಸದ ನಡುವೆ ಒಂದು ದಿನ ಬಿಡುವು ಮಾಡಿಕೊಂಡು, ಮಕ್ಕಳನ್ನು ಕೈಹಿಡಿದು ಕಾಳಾ ಘೋಡಾದಲ್ಲಿ ನಡೆದಾಡಿರಿ. ಐಹೊಳೆಯ ಕಲ್ಲು ತೋರಿಸಿರಿ, ಹೆಬ್ಬಾರರ ಹೆಸರು ಹೇಳಿರಿ, ಓಣಿಯ ಉಡುಪಿ ಹೋಟೆಲಿನಲ್ಲಿ ಕನ್ನಡದಲ್ಲಿಯೇ ಊಟ ಕೇಳಿರಿ. ಸಂಕೋಚ ಬೇಡ, ಅಲ್ಲಿ ನಮ್ಮ ಹಿರಿಯರ ಪಾಲೂ ಇದೆ. ಹಿಂದಿರುಗಿದ ಮೇಲೆ ಸಂಘದ ಗ್ರಂಥಾಲಯದಲ್ಲಿ ಭಾನುವಾರ ಒಂದು ತಾಸು ಅಕ್ಷರವರ್ಗ ನಡೆಸಲು ನಿವೃತ್ತ ಶಿಕ್ಷಕರು ನಾವು ಸಿದ್ಧರಿದ್ದೇವೆ. ಮಕ್ಕಳನ್ನು ಕಳಿಸುವ ಕೆಲಸ ತಾಯಿತಂದೆಯರದು. ಮುಂದಿನ ಸಮ್ಮೇಳನದ ಸ್ಮರಣ ಸಂಚಿಕೆ ಕೈಗೆ ಬರುವ ಹೊತ್ತಿಗೆ ಪ್ರತಿ ಮನೆಯ ಒಂದು ಮಗುವಾದರೂ ಅದರ ಒಂದು ಪುಟವನ್ನು ತಾನೇ ಓದಿ ಅಜ್ಜ ಅಜ್ಜಿಯರಿಗೆ ಕೇಳಿಸುವಂತಾಗಲಿ.